ಅಡಕ ಎಂಬ ಆಯ್ಕೆ

"ಗುರುಗಳೇ, ಯಾರೂ ಓದದ ವಿವರಣೆಯನ್ನು ನಾನೇಕೆ ತಿದ್ದುತ್ತಾ ಕೂರಬೇಕು?" ಎಂದು ಶಿಷ್ಯ ಕೇಳಿದ.

ಒಂದು ತಿಂಗಳಿಂದ ಅವನಿಗೆ ಅದೇ ಕೆಲಸ. ಬರಹಗಳ ಹಳೆಯ ಪ್ರತಿಗಳನ್ನೆಲ್ಲ ಕಾಪಾಡುವ ಒಂದು ಕಂಪ್ಯೂಟರ್ ಸಲಕರಣೆಯ ಕೈಪಿಡಿಯನ್ನು ಗುರು ಅವನ ಕೈಗೆ ಕೊಟ್ಟಿದ್ದರು. ಆ ಸಲಕರಣೆಗೆ ಆಜ್ಞೆಗಳನ್ನು ಟೈಪ್ ಮಾಡಿ ತಿಳಿಸಬೇಕು. ಆಜ್ಞೆಯ ಕೊನೆಗೆ ಒಂದು ಪದ ಸೇರಿಸಿದರೆ ಅದು ಒಂದು ರೀತಿ ನಡೆದುಕೊಳ್ಳುತ್ತದೆ, ಬೇರೆ ಪದ ಸೇರಿಸಿದರೆ ಬೇರೆ ರೀತಿ. ಆ ಪದಗಳಿಗೆ ಆಯ್ಕೆಗಳೆಂದು ಹೆಸರು. ಪ್ರತಿ ಆಯ್ಕೆಯ ಮುಂದೆ ಅದು ಏನು ಮಾಡುತ್ತದೆಂದು ತಿಳಿಯಾಗಿ ಬರೆಯುವುದು ಶಿಷ್ಯನ ಪಾಲಿಗೆ ಬಂದಿತ್ತು.

"ಜೊತೆಯವರೆಲ್ಲ ಹೊಸದನ್ನು ಕಟ್ಟುತ್ತಿದ್ದಾರೆ. ನಾನು ಎಲ್ಲರಿಗೂ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ," ಎಂದ.

ಗುರು ಒಂದು ಕತೆ ಹೇಳಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಚನ್ನಮಲ್ಲಯ್ಯ ಎಂಬವರಿದ್ದರು. ಭೂಮಾಪನ ಕಚೇರಿಯಲ್ಲಿ ಮೂವತ್ತಾರು ವರ್ಷ ಹೊಲಗಳ ನಕಾಶೆ ಬರೆದು ನಿವೃತ್ತರಾದವರು. ಅವರ ಹೆಂಡತಿ ದಾಕ್ಷಾಯಣಮ್ಮ. ಅರವತ್ತು ದಾಟಿದ ಮೇಲೆ ದಾಕ್ಷಾಯಣಮ್ಮನಿಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತರು. ಆಮೇಲೆ ನೆರೆಮನೆಯವರ ಹೆಸರು. ಆಮೇಲೆ ತವರೂರಿನ ಹೆಸರು.

ಒಂದು ನೆನಪು ಮಾತ್ರ ಉಳಿದಿತ್ತು. ಮದುವೆಯ ಮರುದಿನ ಹರಿಗೋಲಿನಲ್ಲಿ ಕೂತು, ಹೊಳೆ ದಾಟಿ, ಗಂಡನ ಮನೆಗೆ ಬಂದದ್ದು. ಅದನ್ನು ಅವರು ದಿನವೂ ಹೇಳುತ್ತಿದ್ದರು. ದಿನವೂ ಬೇರೆ ರೀತಿ ಹೇಳುತ್ತಿದ್ದರು. ಒಂದು ದಿನ ಹೊಳೆ ತುಂಬಿ ಹರಿಯುತ್ತಿತ್ತು ಎನ್ನುವರು. ಮರುದಿನ, ಮೊಣಕಾಲುದ್ದ ನೀರು, ನಡೆದೇ ಬರಬಹುದಿತ್ತು ಎನ್ನುವರು. ಒಂದು ದಿನ ದಾರಿಯುದ್ದಕ್ಕೂ ಅತ್ತೆ ಎನ್ನುವರು. ಇನ್ನೊಂದು ದಿನ, ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡೆಯನ್ನು ಅಂಬಿಗನಿಗೂ ಕೊಟ್ಟೆ ಎಂದು ನಗುವರು.

ಯಾವುದು ನಿಜವೆಂದು ಚನ್ನಮಲ್ಲಯ್ಯನವರಿಗೆ ಗೊತ್ತಿರಲಿಲ್ಲ. ಅದೇ ಹರಿಗೋಲಿನಲ್ಲಿ ಅವರೂ ಇದ್ದರು. ಆದರೆ ನಾಚಿಕೆಯಿಂದ ಆಕೆಯ ಕಡೆಗಾಗಲಿ ನೀರಿನ ಕಡೆಗಾಗಲಿ ತಿರುಗದೆ ಆಚೆ ದಡವನ್ನೇ ನೋಡುತ್ತಾ ಕೂತಿದ್ದರು. ಹಾಗಾಗಿ ಒಂದನ್ನೂ ಬಿಡುವಂತಿರಲಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಬೇಕಿತ್ತು.

ಪರಿಚಯದವರೊಬ್ಬರು ಈ ಬಗೆಯ ಒಂದು ಸಲಕರಣೆಯನ್ನು ತೋರಿಸಿಕೊಟ್ಟರು. ಚನ್ನಮಲ್ಲಯ್ಯ ಹಟ ಹಿಡಿದು ಕಲಿತರು. ಒಂದೇ ಕಡತ. ದಿನವೂ ನಿನ್ನೆಯ ಮಾತನ್ನು ಒರೆಸಿ, ಹೆಂಡತಿ ಅಂದು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡುವರು. ನಿನ್ನೆಯದನ್ನು ಸಲಕರಣೆ ಒಳಗೆ ಜೋಪಾನ ಮಾಡುತ್ತಿತ್ತು. ಯಾವ ದಿನದ್ದು ಬೇಕೆಂದರೆ ಆ ದಿನದ್ದನ್ನು ತೆಗೆದುಕೊಡುತ್ತಿತ್ತು. ಎರಡು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಪ್ರತಿಗಳಾದವು. ಬರೆದಿಟ್ಟಿದ್ದೇನೆಂಬ ಧೈರ್ಯದಲ್ಲಿ ಅವರು ಯಾವುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ದಾಕ್ಷಾಯಣಮ್ಮ ಗಂಡನನ್ನು, "ಯಜಮಾನ್ರೇ, ತಮ್ಮದು ಯಾವ ಊರಾಯ್ತು?" ಎಂದು ಕೇಳಿದರು. ಅವರು ಊರಿನ ಹೆಸರು ಹೇಳಿದರು. ಆಕೆ ತಲೆಯಾಡಿಸಿದರು. ಆ ದಿನ ಹರಿಗೋಲಿನ ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಚನ್ನಮಲ್ಲಯ್ಯ ತಾರೀಕು ಹಾಕಿ, 'ಇಂದು ಏನೂ ಹೇಳಲಿಲ್ಲ' ಎಂದು ಬರೆದರು. ಒಂದು ವಾರ ಅದನ್ನೇ ಬರೆದರು. ಇನ್ನು ಬರೆಯುವುದಕ್ಕೆ ಏನೂ ಇಲ್ಲವೆಂದು ಆಗ ಅವರಿಗೆ ತಿಳಿಯಿತು. ಇದ್ದುದನ್ನೆಲ್ಲ ಒಪ್ಪವಾಗಿ ಕಟ್ಟಿಡಬೇಕೆಂದುಕೊಂಡು ಕೈಪಿಡಿ ತೆರೆದರು.

ಕೈಪಿಡಿಯಲ್ಲಿ 'ಅಡಕ' ಎಂಬ ಒಂದು ಆಯ್ಕೆಯಿತ್ತು. ಅದರ ಮುಂದೆ 'ಹಳೆಯ ಪ್ರತಿಗಳನ್ನು ಅಡಕಗೊಳಿಸುತ್ತದೆ' ಎಂದು ಬರೆದಿತ್ತು. ಅಷ್ಟೇ ಬರೆದಿತ್ತು. ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಎಂದು ಚನ್ನಮಲ್ಲಯ್ಯ ತಿಳಿದರು. ಸಲಕರಣೆ ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಬೇರೆ: ಕೊನೆಯ ಪ್ರತಿಯನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿಬಿಡುವುದು.

ಅವರು ಆ ಪದ ಸೇರಿಸಿ ಆಜ್ಞೆ ಕೊಟ್ಟರು. ಆಮೇಲೆ ಮೊದಲ ದಿನದ ಪ್ರತಿಯನ್ನು ಕೇಳಿದರು. ಇಲ್ಲವೆಂದಿತು. ನೂರನೆಯದನ್ನು ಕೇಳಿದರು. ಇಲ್ಲವೆಂದಿತು. ಇದ್ದದ್ದು ಒಂದೇ ಪ್ರತಿ. ಅದರಲ್ಲಿ ಒಂದು ತಾರೀಕು, ಅದರ ಕೆಳಗೆ 'ಇಂದು ಏನೂ ಹೇಳಲಿಲ್ಲ.'

ಮಧ್ಯಾಹ್ನದವರೆಗೆ ಅವರು ಕುರ್ಚಿಯಿಂದ ಏಳಲಿಲ್ಲ. ಎದ್ದ ಮೇಲೆ ಹೆಂಡತಿಗೆ ಊಟ ಮಾಡಿಸಿ, ಸಲಕರಣೆ ಕಟ್ಟಿದವರಿಗೆ ಒಂದು ಪತ್ರ ಬರೆದರು. ಬೈಗುಳ ಬರೆಯಲಿಲ್ಲ. ನಡೆದದ್ದನ್ನು ಬರೆದು, ಹಿಂದಕ್ಕೆ ಪಡೆಯುವ ದಾರಿಯಿದ್ದರೆ ತಿಳಿಸಿ ಎಂದು ಕೇಳಿದರು.

ಅದನ್ನು ಕಟ್ಟಿದವಳು ವಸುಮತಿ ಎಂಬ ಕಾಲೇಜು ಅಧ್ಯಾಪಕಿ. ಪತ್ರ ಓದಿ, ಮೂರನೆಯ ದಿನ ಬಸ್ಸು ಹತ್ತಿ ಅವಳೇ ಬಂದಳು. ಬೆಳಗಿನಿಂದ ಸಂಜೆಯವರೆಗೆ ಆ ಯಂತ್ರದ ಮುಂದೆ ಕೂತು ಹುಡುಕಿದಳು. ಕೊನೆಗೆ ಕೀಲಿಗಳ ಮೇಲಿಂದ ಕೈ ತೆಗೆದಳು.

"ಒಂದೂ ಉಳಿದಿಲ್ಲ ಸರ್. ಅಡಕ ಅಂದರೇನೆಂದು ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ," ಎಂದಳು.

ಚನ್ನಮಲ್ಲಯ್ಯ ಹೇಳಿದರು: "ಉತ್ತರ ದಿಕ್ಕಿನ ಬಾಣ ಹಾಕದ ನಕಾಶೆಗೆ ನಮ್ಮ ಸಾಹೇಬರು ಸಹಿ ಹಾಕುತ್ತಿರಲಿಲ್ಲಮ್ಮಾ. ಉತ್ತರ ಯಾವ ಕಡೆ ಅಂತ ಊರಿನವರಿಗೆಲ್ಲ ಗೊತ್ತು. ಆದರೆ ನಕಾಶೆ ಬಿಚ್ಚುವವರು ಊರಿನವರಲ್ಲವಲ್ಲ."

ವಸುಮತಿ ಮುಖ ಮುಚ್ಚಿಕೊಂಡು ಅತ್ತಳು. ಒಳಗಿನಿಂದ ದಾಕ್ಷಾಯಣಮ್ಮ ಬಂದರು. ಸೆರಗಿನಿಂದ ಅವಳ ಕಣ್ಣೊರೆಸಿ, "ಯಾರವ್ವಾ ನಿನಗೆ ಬೈದವರು?" ಎಂದರು.

ಆ ದಿನ ವಸುಮತಿ ಅಲ್ಲೇ ಉಳಿದಳು. ಮರುದಿನ ಇಬ್ಬರೂ ಕೈಪಿಡಿಯನ್ನು ಮುಂದಿಟ್ಟುಕೊಂಡು ಕೂತರು. ಮೂವತ್ತೊಂದು ಆಯ್ಕೆಗಳಿದ್ದವು. ಪ್ರತಿಯೊಂದಕ್ಕೂ ಚನ್ನಮಲ್ಲಯ್ಯ ಒಂದೇ ಪ್ರಶ್ನೆ ಕೇಳಿದರು, "ಇದನ್ನು ಮಾಡಿದ ಮೇಲೆ ಹಿಂದಕ್ಕೆ ಬರಬಹುದೇ?" ಒಂಬತ್ತಕ್ಕೆ ವಸುಮತಿ ಇಲ್ಲ ಎಂದಳು. ಆ ಒಂಬತ್ತರ ಮುಂದೆಯೂ ಹಾಗೆಂದು ಬರೆದರು. ಅಡಕದ ಮುಂದಿನ ಮಾತನ್ನು ಚನ್ನಮಲ್ಲಯ್ಯ ತಾವೇ ಟೈಪ್ ಮಾಡಿದರು: 'ಇದನ್ನು ಬಳಸಿದರೆ ಕೊನೆಯ ಪ್ರತಿಯೊಂದೇ ಉಳಿಯುತ್ತದೆ. ಹಿಂದಿನವು ಅಳಿದುಹೋಗುತ್ತವೆ, ಮತ್ತೆ ಸಿಗುವುದಿಲ್ಲ. ಮೊದಲು ಬೇರೊಂದು ಕಡೆ ನಕಲು ಇಟ್ಟುಕೊಳ್ಳಿ.'

ಅವಳು ಹೊರಟುಹೋದ ಮೇಲೆ ಅವರು ನೆನಪಿದ್ದಷ್ಟನ್ನು ಬರೆಯಲು ಕೂತರು. ಆರುನೂರರಲ್ಲಿ ನಾಲ್ಕೋ ಐದೋ ಬಂದವು. ಬಂದವೂ ಅವರ ಮಾತಾಗಿದ್ದವೇ ಹೊರತು ಆಕೆಯ ಮಾತಾಗಿರಲಿಲ್ಲ. ಆದರೂ ಅವನ್ನು ಹೆಂಡತಿಗೆ ಓದಿ ಹೇಳಿದರು. ದಾಕ್ಷಾಯಣಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದರು. "ಪಾಪ, ಆ ಹುಡುಗಿ ಎಷ್ಟು ಹೆದರಿತ್ತೋ," ಎಂದರು. ಆ ವರ್ಷ ಸಂಕ್ರಾಂತಿಗೆ ಮುಂಚೆ ಆಕೆ ತೀರಿಕೊಂಡರು.

ಗುರು ಕತೆ ಮುಗಿಸಿದರು.

ಶಿಷ್ಯ ತಲೆ ತಗ್ಗಿಸಿಕೊಂಡೇ ಕೇಳಿದ, "ಅವರು ಬರೆದ ಆ ಮಾತಿನಿಂದ ಆಮೇಲೆ ಎಷ್ಟು ಜನರ ಬರಹ ಉಳಿಯಿತು, ಗುರುಗಳೇ?"

"ಉಳಿಸಿಕೊಂಡವರಿಗೆ ತಾವು ಕಳೆದುಕೊಳ್ಳಲಿದ್ದೆವೆಂಬುದೇ ಗೊತ್ತಿಲ್ಲವಲ್ಲ, ಯಾರನ್ನು ಕೇಳಿ ಎಣಿಸಲಿ?" ಎಂದರು ಗುರು.