ಹೊಳೆಯಲ್ಲಿ ತಣಿಸಿದ ಬೆಂಕಿ

ಚೀನಾ ದೇಶದ ಸಿಚುವಾನ್ ಸೀಮೆಯಲ್ಲಿ, ಬೆಟ್ಟಗಳ ನಡುವೆ, ಹೊಳೆಯಲ್ಲಿ ಬಂದ ದೋಣಿಗಳನ್ನು ಕಟ್ಟಿಹಾಕುವ ಒಂದು ಕಲ್ಲುದಡದ ಪಕ್ಕ ಹಳೆಯದೊಂದು ಗುಡಿಸಲಿತ್ತು. ಯಾವ ಕಾಲದಲ್ಲೋ ಉಪ್ಪಿನ ಮೂಟೆ ಒಟ್ಟುತ್ತಿದ್ದ ಜಾಗ. ಅಲ್ಲಿ ಹುಯಿಜೆನ್ ತಾಯಿಯವರು ವಾಸವಾಗಿದ್ದರು. ಬುದ್ಧದೇವನನ್ನು ನಂಬಿ ತಲೆ ಬೋಳಿಸಿಕೊಂಡ ಭಿಕ್ಷುಣಿಯವರು, ಮೂಲಿಕೆಯ ಮರ್ಮ ಬಲ್ಲವರು. ಒಂದು ಚಾಪೆ, ಒಂದು ಮಣ್ಣಿನ ಗಡಿಗೆ, ಸೂರಿನಿಂದ ಇಳಿಬಿಟ್ಟ ಬೇರಿನ ಗಂಟುಗಳು. ಅವರ ಸಂಸಾರವೆಲ್ಲ ಇಷ್ಟೇ. ದಾರಿ ಸವೆಸುವ ಜನ, ದೋಣಿಯವರು, ಹೊರೆಯಾಳುಗಳು, ನೆಲೆಯಿಲ್ಲದೆ ಅಲೆಯುವವರು, ಯಾರೇ ಬರಲಿ, ಅಲ್ಲಿ ಒಂದು ಗಳಿಗೆ ಕೂರದೆ ಮುಂದೆ ಹೋಗುತ್ತಿರಲಿಲ್ಲ. ಕೂತವರ ಕೈ ತಾನಾಗಿ ತಾಯಿಯವರ ಮುಂದೆ ಚಾಚುತ್ತಿತ್ತು, ನಾಡಿ ಅವರ ಬೆರಳಿಗೆ ಸಿಗುತ್ತಿತ್ತು.

ಆ ದೇಶದ ವೈದ್ಯವನ್ನು ತಾಯಿಯವರು ಬೆಟ್ಟ ತೋರಿಸಿ ಹೇಳುತ್ತಿದ್ದರಂತೆ. ಬೆಟ್ಟ ಒಂದೇ, ಆದರೆ ಬಿಸಿಲು ಬೀಳುವ ಮಗ್ಗುಲು ಬೇರೆ, ನೆರಳಿನ ಮಗ್ಗುಲು ಬೇರೆ. ಬಿಸಿಲಿನದು ಯಾಂಗ್, ನೆರಳಿನದು ಯಿನ್. ಮನುಷ್ಯನ ಮೈಯೂ ಅಂಥದೇ ಬೆಟ್ಟ. ಎರಡೂ ಒಂದನ್ನೊಂದು ಹಿಡಿದುಕೊಂಡಿರುವ ತನಕ ಬದುಕು. ಕೈ ಬಿಟ್ಟವೋ, ಮುಗಿಯಿತು. ಬಿಸಿಯ ರೋಗಕ್ಕೆ ತಂಪಿನ ಬೇರು, ಚಳಿಯ ರೋಗಕ್ಕೆ ಬಿಸಿಯ ಬೇರು. ಕೇಳುವುದಕ್ಕೇನೋ ಸುಲಭ. ಆದರೆ ಯಾವುದು ಬಿಸಿ, ಯಾವುದು ಚಳಿ ಎಂದು ಕಾಣುವ ಕಣ್ಣು ಬೇಕಲ್ಲ! ಆ ಕಣ್ಣು ತಾಯಿಯವರಿಗಿತ್ತು.

ಹೊಳೆಯ ಮೇಲುಗಡೆಯ ಊರಿನಲ್ಲಿ ಪಾಂಗ್ ಎಂಬುವನಿದ್ದ. ಗಡಿಗೆ, ಹೂಜಿ, ಬೋಗುಣಿ ಸುಡುವ ದೊಡ್ಡ ಆವಿಗೆಯ ಯಜಮಾನ. ದೂರದಲ್ಲಿ ನಿಂತು ಜ್ವಾಲೆಯ ಬಣ್ಣ ನೋಡಿಯೇ ಒಳಗಿನ ಮಣ್ಣು ಬೆಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಬೆಂಕಿಯ ವಿಷಯದಲ್ಲಿ ದೇವರೂ ತನಗೆ ಬುದ್ಧಿ ಹೇಳಬೇಕಾಗಿಲ್ಲ ಎನ್ನುತ್ತಿದ್ದ. ಅಂಥವನ ಹೆಂಡತಿ ಸುಯಿನ್ ಜ್ವರ ಹಿಡಿದು ಮಲಗಿದಳು. ಕೆನ್ನೆಗಳು ಕೆಂಡದ ಹಾಗೆ ಕೆಂಪು. ಹೊದಿಸಿದ ಕಂಬಳಿಯನ್ನೆಲ್ಲ ಕಿತ್ತೆಸೆಯುತ್ತಿದ್ದಳು. ಬಾಯಲ್ಲಿ "ನೀರು, ನೀರು" ಎಂಬುದೊಂದೇ ಮಾತು. ಪಾಂಗ್ ಬಣ್ಣ ನೋಡಿದ, ಬೆಂಕಿ ಎಂದುಕೊಂಡ. ಬಾವಿಯ ನೀರಿನಲ್ಲಿ ಬಟ್ಟೆ ಅದ್ದಿ ಮೈಮೇಲೆ ಹಾಸಿದ, ತಂಪಿನ ಕಷಾಯಗಳನ್ನು ಕುಡಿಸಿದ. ಕುಡಿಸಿದಷ್ಟೂ ಮುಖ ಇನ್ನಷ್ಟು ಕೆಂಪೇರಿತು, ಉಸಿರು ಸಣ್ಣದಾಯಿತು. ಅತ್ತೆ ಬಿಸಿ ಗಂಜಿ ಕೊಟ್ಟರೆ ಗಂಟಲು ದಾಟುವ ಮುಂಚೆಯೇ ವಾಂತಿ. ಕೊನೆಗೆ ಆ ಮುದುಕಿ ಮಗನನ್ನು ಕೇಳದೆ ಬೆಳಗಿನ ದೋಣಿ ಹತ್ತಿ ಹೋಗಿ ತಾಯಿಯವರನ್ನು ಕರೆತಂದಳು.

ಪಾಂಗ್ ಬಾಗಿಲಿಗೆ ಅಡ್ಡ ನಿಂತ. "ಏನಮ್ಮಾ, ಮಂತ್ರ ಹಾಕ್ತೀಯೋ, ಬೂದಿ ಕೊಡ್ತೀಯೋ? ಬೂದಿ ಬೇಕಾದ್ರೆ ನನ್ನ ಆವಿಗೆ ಹತ್ರ ಗುಡ್ಡೆ ಬಿದ್ದಿದೆ."

"ಸರಿಯೋ ಆಚೆ!" ಎಂದು ಮುದುಕಿ ಅವನನ್ನು ನೂಕಿದಳು. "ಮಣ್ಣು ನೆನೆಹಾಕೋ ಹಾಗೆ ಹೆಂಡತೀನ ನೆನೆಹಾಕಿ ಕೂತಿದ್ದೀಯ, ನಿನಗೆ ಮಾತು ಬೇರೆ!"

ತಾಯಿಯವರು ಹಾಸಿಗೆಯ ಪಕ್ಕ ಕುಳಿತರು. ಮೂರು ಬೆರಳಿಟ್ಟು ನಾಡಿ ನೋಡಿದರು. ಮೇಲೆ ಮುಟ್ಟಿದರೆ ಅಬ್ಬರದ ಓಟ. ಒತ್ತಿದರೆ ಅಡಿಯಲ್ಲಿ ಏನೂ ಇಲ್ಲ, ಬರೀ ನೊರೆ. ನಾಲಿಗೆ ನೋಡಿದರು: ಬಿಳಿಚಿ ಒದ್ದೆಯಾಗಿತ್ತು. ಆಮೇಲೆ ತಲೆದೆಸೆಯಲ್ಲಿದ್ದ ನೀರಿನ ಬೋಗುಣಿಯನ್ನು ಎತ್ತಿ ತೋರಿಸಿದರು. ಅದು ತುಂಬಿಯೇ ಇತ್ತು.

"ನೀರು ಕೇಳಿದಳು. ಕುಡಿದಳೇ?"

ಪಾಂಗ್ ಬೋಗುಣಿಯೊಳಗೆ ಬಗ್ಗಿ ನೋಡಿದ.

"ಅಪ್ಪಾ, ಅವಳ ಪಾದ ಮುಟ್ಟು."

ಮುಟ್ಟಿದವನು ಬೆಚ್ಚಿ ಕೈ ಎಳೆದುಕೊಂಡ. ಮುಖ ಅಷ್ಟು ಉರಿಯುತ್ತಿದ್ದರೂ ಪಾದ ಹೊಳೆಯ ಕಲ್ಲಿನ ಹಾಗೆ ಕೊರೆಯುತ್ತಿತ್ತು! ಇಷ್ಟು ಕಾಲವೂ ಅವನ ಕಣ್ಣು ಮುಖವನ್ನು ಬಿಟ್ಟು ಕೆಳಗೆ ಇಳಿದಿರಲೇ ಇಲ್ಲ.

"ಜ್ವಾಲೆಯೆಲ್ಲ ಆವಿಗೆಯ ನೆತ್ತಿಗೆ ಹಾರಿ ಕುಣಿಯುವಾಗ ತಳ ಹೇಗಿರುತ್ತದೆ?" ಎಂದು ತಾಯಿಯವರು ಕೇಳಿದರು.

ಅವನ ದನಿ ಇಳಿದುಹೋಗಿತ್ತು. "ಆರ್ತಾ ಇರುತ್ತೆ. ಕೆಳಗಿನ ಸಾಲಿನ ಗಡಿಗೆ ಹಸಿಯಾಗೇ ಉಳಿಯುತ್ತೆ."

"ಇದೂ ಅದೇ. ಬೆಂಕಿ ಮನೆ ಬಿಟ್ಟು ಹೊರಟಿದೆ. ವಾಪಸು ಕರೆಯಬೇಕು."

ಇಷ್ಟು ಹೇಳಿ ಗಂಟು ಬಿಚ್ಚಿದರು. ಒಣಶುಂಠಿ ಬಂತು, ಅತಿಮಧುರ ಬಂತು, ಅವೆರಡರ ನಡುವೆ ಕಪ್ಪಗಿನ ಒಂದು ಗೆಡ್ಡೆ. ವತ್ಸನಾಭಿ! ಪಾಂಗ್ ಕೂಗಿಯೇಬಿಟ್ಟ. "ಬೇಟೆಯವರು ಬಾಣಕ್ಕೆ ಸವರೋ ವಿಷ ಅದು! ನನ್ನ ಹೆಂಡತಿ ಏನು ಕಾಡುಹಂದೀನಾ?"

ತಾಯಿಯವರು ನಕ್ಕರು. "ಆತುರದವರ ಕೈಗೆ ವಿಷ, ಕಾಯುವವರ ಕೈಗೆ ಸಂಜೀವಿನಿ. ಒಲೆ ನೀನೇ ಕಾಯಿ, ಅಪ್ಪಾ."

ನೋಡಿ, ನಂಬದವನ ಕೈಗೇ ಬೆಂಕಿ ಕೊಟ್ಟರು! ಈ ಮೂರರ ಕೂಟದಲ್ಲಿ ವತ್ಸನಾಭಿ ಅರಸು, ಒಣಶುಂಠಿ ಮಂತ್ರಿ, ಅತಿಮಧುರ ಇಬ್ಬರ ಕೋಪವನ್ನೂ ಇಳಿಸುವ ಹಿರಿಯ. ಆದರೆ ಅರಸನ ವಿಷ ಇಳಿಯಬೇಕಾದರೆ ಬಹಳ ಹೊತ್ತು ಕುದಿಯಬೇಕು. ಪಾಂಗ್ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಳಗಿನಿಂದ ಹೆಂಡತಿಯ ಉಸಿರು ಬಿಟ್ಟು ಬಿಟ್ಟು ಕೇಳುತ್ತಿತ್ತು. ಎಲ್ಲಿ ನಿಂತೇಹೋಗುತ್ತದೋ ಎಂದು ತಡೆಯಲಾರದೆ ಸೌದೆಯ ಒಂದು ಹಿಡಿಯನ್ನೇ ಎತ್ತಿ ಒಲೆಗೆ ತುರುಕಲು ಹೋದ. ತಾಯಿಯವರು ಬರೀ ಅವನ ಕೈಯನ್ನು ನೋಡಿದರು. ಸೌದೆ ಕೆಳಗಿಟ್ಟ. ತಾಯಿಯವರು ಕಷಾಯದಲ್ಲಿ ಕಡ್ಡಿ ಅದ್ದಿ ತಮ್ಮ ನಾಲಿಗೆಗೆ ಮುಟ್ಟಿಸಿಕೊಂಡರು. ನಾಲಿಗೆ ಜೋಮು ಹಿಡಿಯಿತು, ವಿಷ ಇಳಿದಿರಲಿಲ್ಲ. "ಇನ್ನೂ" ಎಂದರು. ಆತ ಒಂದೊಂದೇ ಚಕ್ಕೆ ಇಡುತ್ತ ಹೋದ. ಮತ್ತೆ ಅದ್ದಿದರು, ಮತ್ತೆ "ಇನ್ನೂ". ಬಿಸಿಲು ಅಂಗಳವನ್ನೆಲ್ಲ ದಾಟಿ ಗೋಡೆಗೆ ಹೋಯಿತು. ಆಮೇಲೆ ಅದ್ದಿದಾಗ ನಾಲಿಗೆ ನಾಲಿಗೆಯ ಹಾಗೆಯೇ ಇತ್ತು. ಮೊದಲ ಗುಟುಕನ್ನು ತಾವೇ ಕುಡಿದು ಕಾದರು. "ಆಯಿತು" ಎಂದರು.

ಪಾಂಗ್ ಗಡಿಗೆ ಇಳಿಸಿ ಒಳಗೆ ಓಡಬೇಕು, ಅಷ್ಟರಲ್ಲಿ ತಾಯಿಯವರು ಅದನ್ನು ಕಿತ್ತುಕೊಂಡು ಹಿತ್ತಿಲ ಹೊಳೆಗೆ ಇಳಿದುಬಿಟ್ಟರು! ಬೆಟ್ಟದ ಹಿಮ ಕರಗಿ ಬರುವ ನೀರು. ಅದರಲ್ಲಿ ಬರಿಗಾಲಲ್ಲಿ ನಿಂತು, ಗಡಿಗೆಯನ್ನು ಕತ್ತಿನ ತನಕ ಮುಳುಗಿಸಿ ಹಿಡಿದರು.

"ಅಯ್ಯೋ, ಇಷ್ಟು ಹೊತ್ತು ಬೆಂಕಿ ಹಾಕಿದ್ದು ತಣ್ಣಗೆ ಮಾಡೋಕಾ?"

"ಒಳಗೆ ಚಳಿ ಬಾಗಿಲು ಹಾಕಿಕೊಂಡು ಕೂತಿದೆ. ಬಿಸಿ ಹೋದರೆ ಹೊರಗೆ ದಬ್ಬುತ್ತದೆ, ಗಂಜಿಯನ್ನು ದಬ್ಬಲಿಲ್ಲವೇ? ಇದು ತಣ್ಣನೆಯ ವೇಷ ಹಾಕಿ ಹೋಗಲಿ. ತನ್ನವನೇ ಬಂದನೆಂದು ತಾನೇ ಬಾಗಿಲು ತೆಗೆಯುತ್ತದೆ."

ಸುಯಿನ್ ಕುಡಿದಳು. ವಾಂತಿಯಾಗಲಿಲ್ಲ. ಪಾಂಗ್ ಹೆಂಡತಿಯ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಕೂತ. ಮುಖವನ್ನು ನೋಡಲೇ ಇಲ್ಲ. ಹೊತ್ತು ಪಡುವಣ ಬೆಟ್ಟದ ತುದಿಗೆ ಬಂದಾಗ ಅವನು ಮುದುಕಿಯನ್ನು ಕೂಗಿ ಕರೆದ. "ಅಮ್ಮಾ, ಬೆರಳು... ಬೆರಳು ಬೆಚ್ಚಗಾಗ್ತಾ ಇದೆ!" ಕೆನ್ನೆಯ ಕೆಂಪು ಬೆಳಗಿನ ಮಂಜಿನ ಹಾಗೆ ಕರಗಿತು. ಸುಯಿನ್ ಕಣ್ಣು ಬಿಟ್ಟಳು.

"ಚಳಿ ಆಗ್ತಿದೆ. ಕಂಬಳಿ ಎಲ್ಲಿ? ಅತ್ತೆ, ಗಂಜಿ ಇದೆಯಾ?"

"ಇದೆಯಾ ಅಂತಾಳೆ ನೋಡು! ಹಂಡೆ ತುಂಬ ಇದೆ ಕಣೇ!" ಎಂದು ಮುದುಕಿ ಅಳುತ್ತಲೇ ನಕ್ಕಳು. ಅಂಗಳದಲ್ಲಿ ಕಾದು ನಿಂತಿದ್ದ ಆವಿಗೆಯ ಆಳುಗಳು ಕೈಗೆ ಸಿಕ್ಕ ಗಡಿಗೆಗಳನ್ನೇ ನಗಾರಿಯಂತೆ ಬಡಿದರು. ಆ ಸದ್ದು ಹೊಳೆ ದಾಟಿ ಎದುರು ಬೆಟ್ಟಕ್ಕೆ ಹೊಡೆದು ಮರಳಿತು.

ಪಾಂಗ್ ಓಡಿಬಂದು ತಾಯಿಯವರ ಪಾದಗಳ ಮೇಲೆ ಹಣೆಯಿಟ್ಟ. ಇಟ್ಟವನು ತಟ್ಟನೆ ಗಾಬರಿಯಿಂದ ತಲೆಯೆತ್ತಿದ.

"ತಾಯೀ, ನಿಮ್ಮ ಪಾದ ಹಿಮದ ಹಾಗಿದೆಯಲ್ಲ!"

ತಾಯಿಯವರ ಮುಖ ಅರಳಿತು. "ಇದು ಹೊಳೆಯ ಚಳಿ, ಅಪ್ಪಾ. ಒಳಗಿನದಲ್ಲ. ನಿನಗೆ ಈಗ ನೋಡುವುದು ಬಂತು."

ಪಾಂಗ್ ಮೈಮೇಲಿನ ಅಂಗಿ ಬಿಚ್ಚಿದ. ಆ ಪುಣ್ಯಪಾದಗಳನ್ನು ಅದರಲ್ಲಿ ಸುತ್ತಿ, ಬಿಸಿಯಾಗುವ ತನಕ ಎದೆಗೆ ಒತ್ತಿ ಹಿಡಿದು ಕೂತ. ಅಲ್ಲಿಂದ ಮುಂದೆ ತಾಯಿಯವರು ಕಷಾಯ ಕಾಯಿಸಿದ್ದೆಲ್ಲ ಪಾಂಗನ ಕೈಯ ಗಡಿಗೆಗಳಲ್ಲೇ. ಬೆಂಕಿಯ ವಿಷಯದಲ್ಲಿ ದೇವರ ಮಾತನ್ನೂ ಕೇಳದಿದ್ದ ಆ ಮನುಷ್ಯ, ಆಮೇಲೆ ಬದುಕಿದಷ್ಟು ಕಾಲವೂ ಆವಿಗೆಯ ಜ್ವಾಲೆಗೆ ಕಣ್ಣೆತ್ತುವ ಮೊದಲು ಮೊಣಕಾಲೂರಿ, ಅದರ ತಳಕ್ಕೆ ಕೈಚಾಚಿ ನೋಡುತ್ತಿದ್ದ.