ವಿಭೂತಿ ಹಚ್ಚಿದ ಗುಪ್ಪೆ

ಹಿಮಾಲಯದ ಒಂದು ಶಿಖರದ ಬುಡದಲ್ಲಿ ಚಿಕ್ಕದೊಂದು ಆಶ್ರಮ. ಅಲ್ಲಿನ ಗುರುಗಳು ನಿರಂಜನ ಅಜ್ಜಾರು ಬಾಗಲಕೋಟೆ ಕಡೆಯವರು. ಪ್ರಾಯದಲ್ಲಿ ಶಿಖರ ನೋಡಲೆಂದು ಬಂದವರು ಅಲ್ಲೇ ಉಳಿದುಬಿಟ್ಟಿದ್ದರು.

ಶಿಖರಕ್ಕೆ ಹೋಗುವ ದಾರಿ ಹುಡುಕಿದವರೂ ಅವರೇ. ಹುಲ್ಲುಗಾವಲಿನಿಂದ ತುದಿಯವರೆಗೆ ಅಲ್ಲಲ್ಲಿ ಕಲ್ಲು ಪೇರಿಸಿ ಗುಪ್ಪೆ ಮಾಡಿದ್ದರು. ಒಂದು ಗುಪ್ಪೆಯ ಹತ್ತಿರ ನಿಂತರೆ ಮುಂದಿನದು ಕಣ್ಣಿಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಊರ ಕಡೆಯಿಂದ ಬರುವ ಭಕ್ತರು ಅವನ್ನೇ ಹಿಡಿದು ಹತ್ತುತ್ತಿದ್ದರು, ಅವನ್ನೇ ಹಿಡಿದು ಇಳಿಯುತ್ತಿದ್ದರು.

ಅಜ್ಜಾರಿಗೆ ವಯಸ್ಸಾಯಿತು. ಜನರನ್ನು ಶಿಖರಕ್ಕೆ ಕರೆದೊಯ್ಯುವ ಕೆಲಸ ಶಿಷ್ಯ ಬಸಲಿಂಗನ ಪಾಲಿಗೆ ಬಂತು.

ಬಸಲಿಂಗ ಗಟ್ಟಿ ಆಳು. ಬಂಡೆಯ ಮೇಲೆ ಆಡಿನ ಹಾಗೆ ಓಡಾಡುತ್ತಿದ್ದ. ಗುರುಭಕ್ತಿ ಮಾತ್ರ ತುಸು ಹೆಚ್ಚೇ ಇತ್ತು. ಅಜ್ಜಾರು ಸೀನಿದರೂ ಅದರಲ್ಲೇನೋ ಅರ್ಥವಿದೆಯೆಂದು ಕೈಮುಗಿಯುವಂಥವನು.

ಆ ವರ್ಷ ಜನ ಬರುವ ಮುಂಚೆ ಅಜ್ಜಾರು ಅವನನ್ನು ಕರೆದು, ಒಬ್ಬನೇ ಮೇಲೆ ಹೋಗಿ ದಾರಿ ನೋಡಿಕೊಂಡು ಬಾ ಎಂದರು. ಬಸಲಿಂಗ ಹೋದ.

ಅರ್ಧ ದಾರಿಯಲ್ಲಿ ಒಂದು ಆಳವಾದ ಕಮರಿ. ಎಂದೂ ಕರಗದ ಹಿಮದ ಹಾಸೊಂದು ಅದನ್ನು ಮುಚ್ಚಿಕೊಂಡಿರುತ್ತಿತ್ತು. ಅಜ್ಜಾರ ದಾರಿ ಆ ಹಿಮದ ಮೇಲೆ ಆಚೆಗೆ ದಾಟುತ್ತಿತ್ತು. ಈ ಸಲ ನೋಡಿದರೆ ಹಿಮವಿಲ್ಲ. ಗುಡ್ಡ ಜರಿದು, ಹಿಮವನ್ನೂ ದಾರಿಯನ್ನೂ ಒಟ್ಟಿಗೇ ಎಳೆದುಕೊಂಡು ಕೆಳಗೆ ಹೋಗಿತ್ತು. ಅಂಚಿನಲ್ಲಿದ್ದ ಗುಪ್ಪೆ ಮಾತ್ರ ಅರ್ಧ ಉದುರಿ ನಿಂತಿತ್ತು.

ಗುರುಗಳು ಕೈಯಾರೆ ಇಟ್ಟ ಕಲ್ಲು ಹೀಗೆ ಚೆಲ್ಲಾಪಿಲ್ಲಿಯಾಗಿ ಬೀಳುವುದೆಂದರೇನು? ಬಸಲಿಂಗ ಒಂದೊಂದನ್ನೇ ಆರಿಸಿ ತಂದು ಗುಪ್ಪೆಯನ್ನು ಮತ್ತೆ ಕಟ್ಟಿದ. ಮೊದಲಿಗಿಂತ ಗಟ್ಟಿಯಾಗಿಯೇ ಕಟ್ಟಿದ. ಮೇಲಿನ ಕಲ್ಲಿಗೆ ವಿಭೂತಿ ಹಚ್ಚಿ, ಹೂವಿಟ್ಟು ನಮಸ್ಕರಿಸಿದ.

ಆಮೇಲೆ ಬೇರೆ ದಾರಿ ಹುಡುಕಿದ. ಗುಪ್ಪೆಗಿಂತ ಸ್ವಲ್ಪ ಹಿಂದೆಯೇ ಎಡಕ್ಕೆ ತಿರುಗಿ ಬಂಡೆಸಾಲು ಹಿಡಿದರೆ ಕಮರಿಯ ತಂಟೆಯೇ ಇಲ್ಲದೆ ಮೇಲೆ ಹೋಗಬಹುದಿತ್ತು. ಶಿಖರ ಮುಟ್ಟಿ, ಅದೇ ದಾರಿಯಲ್ಲಿ ಇಳಿದು ಬಂದ.

"ದಾರಿ ಹೆಂಗೈತಿ?" ಎಂದರು ಅಜ್ಜಾರು.

"ನಿಮ್ಮ ಗುಪ್ಪಿ ಎಲ್ಲಾ ಅದಾವ್ರಿ ಅಜ್ಜಾರ. ಒಂದು ಬಿದ್ದಿತ್ತು, ಕಟ್ಟಿ ಬಂದೇನಿ."

"ಗುಪ್ಪಿ ಕೇಳಲಿಲ್ಲ. ದಾರಿ ಕೇಳಿದೆ."

"ಛಲೋ ಐತ್ರಿ."

ಪೂರ್ತಿ ಸುಳ್ಳೇನೂ ಅಲ್ಲ. ಒಳ್ಳೆಯ ದಾರಿ ಒಂದಿತ್ತು, ಅದು ಅವನಿಗೆ ಗೊತ್ತಿತ್ತು. ಆದರೆ ನಿಮ್ಮ ದಾರಿ ಬಿದ್ದುಹೋಗಿದೆ ಎಂದು ಗುರುವಿನ ಎದುರು ಹೇಳಲು ನಾಲಿಗೆ ಏಳಲಿಲ್ಲ. ಹೇಗೂ ಜನರ ಮುಂದೆ ನಡೆಯುವವನು ತಾನೇ ತಾನೆ, ಹೇಳಿ ಅವರನ್ನೇಕೆ ನೋಯಿಸಬೇಕು ಎಂದುಕೊಂಡ.

ಜನ ಬಂದರು. ಹೊರಡುವ ಹಿಂದಿನ ಸಂಜೆ ಬಸಲಿಂಗ ಅವರನ್ನೆಲ್ಲ ಕೂರಿಸಿಕೊಂಡು ಏನೇನು ಹೊದೆಯಬೇಕು, ಏನೇನು ತಿನ್ನಬೇಕು ಎಂದು ತಿಳಿಸಿದ. ಮಂಜು ಮುಸುಕಿ ದಾರಿ ಕಾಣದಿದ್ದರೆ ಏನು ಮಾಡುವುದೆಂದು ಯಾರೋ ಕೇಳಿದರು.

"ಅಜ್ಜಾರ ಗುಪ್ಪಿ ಹಿಡಿದು ಬರ್ರಿ," ಎಂದ. "ಅಜ್ಜಾರ ಗುಪ್ಪಿ ಯಾರನ್ನೂ ದಾರಿ ತಪ್ಪಸಂಗಿಲ್ಲ."

ಎಷ್ಟು ತುಂಬಿದ ಮನಸ್ಸಿನಿಂದ ಹೇಳಿದನೆಂದರೆ ಒಂದಿಬ್ಬರ ಕಣ್ಣು ಒದ್ದೆಯಾದವು. ಹೇಳುವಾಗ ಅವನೂ ಅದನ್ನು ನಂಬಿದ್ದ. ಭಕ್ತಿ ಉಕ್ಕಿದಾಗ ಕಣ್ಣಾರೆ ಕಂಡದ್ದೂ ಮರೆತುಹೋಗುತ್ತದೆ.

ಮರುದಿನ ಬೆಳಿಗ್ಗೆ ಎಲ್ಲರೂ ಹತ್ತತೊಡಗಿದರು. ಅವರಲ್ಲಿ ಗದಗಿನ ದಾಕ್ಷಾಯಣಿ ಎಂಬ ಹೆಂಗಸೂ ಇದ್ದರು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಕಮರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಅವರಿಗೆ ಉಸಿರು ಸಾಲದಾಯಿತು. ಬಸಲಿಂಗ ಅವರನ್ನು ಒಂದು ದೊಡ್ಡ ಬಂಡೆಯ ಮರೆಯಲ್ಲಿ ಬಿಸಿಲಿಗೆ ಕೂರಿಸಿದ. ಇಲ್ಲೇ ಇರಿ, ಇಳಿಯುವಾಗ ಕರೆದುಕೊಂಡು ಹೋಗುತ್ತೇನೆ ಎಂದ.

ಮುಂದೆ ಎಡಕ್ಕೆ ತಿರುಗುವ ಜಾಗ ಬಂದಾಗ ಉಳಿದವರನ್ನು ನಿಲ್ಲಿಸಿ, ತಾನೊಬ್ಬನೇ ಕಮರಿಯಂಚಿನ ಗುಪ್ಪೆಯ ಹತ್ತಿರ ಹೋಗಿ ಹೊಸ ಹೂವಿಟ್ಟು ಬಂದ. ಆಮೇಲೆ ಎಲ್ಲರನ್ನೂ ಬಂಡೆಸಾಲಿನ ಮೇಲೆ ಹತ್ತಿಸಿದ. ಅವನ ಕೈಹಿಡಿದು ಎಲ್ಲರೂ ಸುಖವಾಗಿ ಶಿಖರ ಕಂಡರು.

ಇಳಿಯುವಾಗ ಮಂಜು ಕವಿಯಿತು. ಬಂಡೆಯ ಹತ್ತಿರ ಬಂದು ನೋಡಿದರೆ ದಾಕ್ಷಾಯಣಿಯವರ ನೀರಿನ ಬಾಟಲಿ ಇತ್ತು, ಅವರಿರಲಿಲ್ಲ.

ಎಲ್ಲಿಗೆ ಹೋಗಿರಬಹುದೆಂದು ಬಸಲಿಂಗನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗುಪ್ಪೆಯ ಕಡೆಗೆ ಓಡಿ, ಅಂಚಿನಲ್ಲಿ ಬೋರಲು ಮಲಗಿ ಮಂಜಿನೊಳಗೆ ಕೂಗಿದ. ಕೆಳಗಿನಿಂದ ಸಣ್ಣ ದನಿ ಬಂತು.

ಕಾಲ ಕೆಳಗಿನ ಮಣ್ಣು ಕುಸಿದು ಅವರು ಜಾರಿದ್ದರು. ಚಾಚಿಕೊಂಡಿದ್ದ ಒಂದು ಕಲ್ಲು ತಡೆದಿತ್ತು. ಅದರ ಕೆಳಗೆ ತಡೆಯುವಂಥದ್ದು ಏನೂ ಇರಲಿಲ್ಲ.

ಬಸಲಿಂಗ ಹೆಗಲಿನ ಹಗ್ಗದ ತುದಿಯನ್ನು ಹಿಂದೆ ಓಡಿಬಂದವರ ಕೈಗೆ ಕೊಟ್ಟು ಇಳಿದ. ದಾಕ್ಷಾಯಣಿಯವರನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದ. ಆಶ್ರಮದವರೆಗೂ ಬೆನ್ನಿನಿಂದ ಇಳಿಸಲಿಲ್ಲ.

ಅವರ ಕಾಲಿನ ಹರಡು ಮುರಿದಿತ್ತು. ಅಜ್ಜಾರೇ ಪಟ್ಟಿ ಕಟ್ಟಲು ಕುಳಿತರು. ನೋವಿನಲ್ಲೂ ದಾಕ್ಷಾಯಣಿಯವರು ಹಾಗಲ್ಲ ಹೀಗೆ ಎಂದು ಪಟ್ಟಿ ಕಟ್ಟುವುದನ್ನು ಅವರಿಗೆ ಕಲಿಸಿದರು. ಅಜ್ಜಾರು ವಿಧೇಯರಾಗಿ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ, ಅಲ್ಲಿಗೇಕೆ ಹೋದೆ ತಾಯಿ ಎಂದು ಕೇಳಿದರು.

ಮಂಜಿನಲ್ಲಿ ಮೈ ಮರಗಟ್ಟತೊಡಗಿತ್ತಂತೆ. ಕುಳಿತರೆ ಸಾಯುತ್ತೇನೆ ಅನ್ನಿಸಿ, ನಿನ್ನೆ ಕೇಳಿದ ಮಾತು ನೆನಪಾಗಿ, ಮೇಲೆ ಹೋದವರನ್ನು ಸೇರಿಕೊಳ್ಳೋಣವೆಂದು ಗುಪ್ಪೆ ಹಿಡಿದು ಮೇಲಕ್ಕೆ ನಡೆದರಂತೆ.

"ಆ ಗುಪ್ಪಿ ಮ್ಯಾಲ ಇಭೂತಿ ಇತ್ರಿ ಅಜ್ಜಾರ. ಹೂವು ಇನ್ನೂ ಬಾಡಿರಲಿಲ್ಲ. ನಮ್ಮವರು ಇದೇ ದಾರೀಲೆ ಹೋಗ್ಯಾರ ಅನ್ಕೊಂಡೆ. ಕೈಮುಗಿದು ಮುಂದ ಕಾಲಿಟ್ಟೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಬಸಲಿಂಗನಿಗೆ ತಡೆಯಲಾಗಲಿಲ್ಲ. ಅಜ್ಜಾರ ಕಾಲಿಗೆ ಬಿದ್ದು, ಜರಿದ ಗುಡ್ಡ, ಕಟ್ಟಿದ ಗುಪ್ಪೆ, ಮುಚ್ಚಿಟ್ಟ ಮಾತು ಎಲ್ಲವನ್ನೂ ಹೇಳಿ ಅತ್ತುಬಿಟ್ಟ. ಈ ಕೆಲಸಕ್ಕೆ ತಾನು ಯೋಗ್ಯನಲ್ಲ, ಬೇರೆ ಯಾರಿಗಾದರೂ ಕೊಡಿ ಎಂದ.

ಅಜ್ಜಾರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಾಳೆ ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದರು.

ಎಲ್ಲರೂ ಬೇಡವೆಂದರು. ಅಜ್ಜಾರು ಹುಲ್ಲುಗಾವಲು ದಾಟಿ ಎಷ್ಟೋ ವರ್ಷಗಳಾಗಿದ್ದವು. ಅವರು ಯಾರ ಮಾತನ್ನೂ ಕೇಳಲಿಲ್ಲ. ಬೆಳಕು ಹರಿಯುತ್ತಲೇ ಹೊರಟರು. ಸ್ವಲ್ಪ ನಡೆದರು, ಸ್ವಲ್ಪ ಬಸಲಿಂಗ ಹೊತ್ತ.

ಗುಪ್ಪೆಯ ಹತ್ತಿರ ನಿಂತು ಅಜ್ಜಾರು ಕಮರಿಯನ್ನು ಬಹಳ ಹೊತ್ತು ನೋಡಿದರು. ಪ್ರಾಯದ ಕಾಲದಲ್ಲಿ ಹುಡುಕಿದ ದಾರಿ. ಅವರ ಮುಖ ಸಣ್ಣದಾಯಿತು.

"ಛಲೋ ದಾರಿ ಇತ್ತು," ಎಂದರು.

ಆಮೇಲೆ ಕಾಲೆತ್ತಿ ಗುಪ್ಪೆಯನ್ನು ಒದ್ದರು. ಅದು ಅಲುಗಲಿಲ್ಲ. ಅಜ್ಜಾರಿಗೆ ನಗು ಬಂತು. ಕೆಲಸವನ್ನೇನೋ ಚೆನ್ನಾಗಿ ಕಲಿತಿದ್ದೀಯ ಎಂದು ಶಿಷ್ಯನನ್ನು ಹೊಗಳಿ, ಅಲ್ಲೇ ಕುಳಿತು ಒಂದೊಂದೇ ಕಲ್ಲು ಕಿತ್ತು ಕಮರಿಗೆ ಎಸೆಯತೊಡಗಿದರು.

ಬಸಲಿಂಗನಿಂದ ನೋಡಲಾಗಲಿಲ್ಲ. ಅವರ ಕೈ ಹಿಡಿದುಕೊಂಡ. "ಬ್ಯಾಡ್ರಿ ಅಜ್ಜಾರ. ನಿಮ್ಮ ಕೈಲೆ ಇಟ್ಟ ಕಲ್ಲು."

"ಆ ತಾಯಿ ಕೆಳಗ ಹೋಗಿದ್ರ ಏನ್ ಹೇಳಾಂವಿದ್ದಿ ಅಕಿ ಮಕ್ಕಳಿಗೆ? ಅಜ್ಜಾರ ಕಲ್ಲು ಸಲಾಮತ್ ಅದಾವು ಅಂತೇನು?"

ಬಸಲಿಂಗ ಕೈ ಬಿಟ್ಟ. ಆಮೇಲೆ ತಾನೂ ಕುಳಿತು ಕಲ್ಲು ಕೀಳತೊಡಗಿದ. ವಿಭೂತಿ ಹಚ್ಚಿದ ಕಲ್ಲನ್ನು ಅವನೇ ಎಸೆದ. ಅದು ಎಲ್ಲೆಲ್ಲೋ ಬಡಿದು ಸದ್ದು ಮಾಡುತ್ತ ಕೆಳಗೆ ಹೋಯಿತು.

ಹೊಸ ದಾರಿ ತೋರಿಸು ಎಂದರು ಅಜ್ಜಾರು. ಬಸಲಿಂಗ ಎಡಕ್ಕೆ ತಿರುಗುವ ಜಾಗಕ್ಕೆ ಕರೆದುಕೊಂಡು ಹೋದ. ಅಜ್ಜಾರು ಬಂಡೆಸಾಲನ್ನು ಮೇಲಿನವರೆಗೂ ದಿಟ್ಟಿಸಿದರು. ಗಾಳಿ ಯಾವ ಕಡೆಯದು, ಮಳೆ ಬಂದರೆ ನೀರು ಎಲ್ಲಿ ಹರಿಯುತ್ತದೆ, ಇಳಿಯುವಾಗ ಕಾಲಿಗೆ ಆಸರೆ ಇದೆಯೋ ಇಲ್ಲವೋ ಎಂದೆಲ್ಲ ಕೇಳಿದರು. ಬಸಲಿಂಗ ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟ.

"ಯಾರು ಹುಡುಕಿದ್ದು ಈ ದಾರಿ?"

"ನಾನ್ರಿ," ಎಂದ ಮೆಲ್ಲಗೆ.

"ಕೇಳಿಸಲಿಲ್ಲ."

"ನಾ ಹುಡುಕಿದ್ದು ಅಜ್ಜಾರ."

"ನನ್ನದಕ್ಕಿಂತ ಛಲೋ ಐತಿ. ಇನ್ನ ಮುಂದ ಜನರನ್ನ ಇದ ದಾರೀಲೆ ಕರ್ಕೊಂಡು ಹೋಗು."

ಬಸಲಿಂಗ ತಲೆ ಎತ್ತಲಿಲ್ಲ. "ತಪ್ಪು ಮಾಡಿದಾಂವ ನಾನು. ಇನ್ನೊಬ್ಬರನ್ನ ನೋಡ್ರಿ."

"ಇನ್ನೊಬ್ಬನ್ನ ಹಚ್ಚಿದ್ರ ಅಂವ ಈ ತಪ್ಪು ಮೊದಲಿಂದ ಮಾಡಬೇಕಾಕ್ಕೈತಿ. ನಿಂದು ಮುಗದೈತಿ. ಕಲ್ಲು ಆರಸು."

ಬಸಲಿಂಗ ಕಲ್ಲು ಆರಿಸಿದ. ಅಜ್ಜಾರು ಬಿಸಿಲಿಗೆ ಕುಳಿತು, ಅದು ಅಲುಗುತ್ತದೆ, ಇದನ್ನು ತಿರುಗಿಸು, ಕೆಳಗಿನದು ಇನ್ನೂ ಅಗಲ ಬೇಕು ಎಂದು ತಕರಾರು ಮಾಡುತ್ತಲೇ ಇದ್ದರು. ತಿರುವಿನ ಹೊಸ ಗುಪ್ಪೆ ಎದೆಯೆತ್ತರಕ್ಕೆ ಬಂತು. ದೂರದಿಂದಲೂ ಚೆನ್ನಾಗಿ ಕಾಣುವಂತಿತ್ತು. ಬಸಲಿಂಗನ ಮುಖಕ್ಕೆ ಮತ್ತೆ ಕಳೆ ಬಂತು.

ತುದಿಗೆ ಇಡಲು ಒಂದು ಚಪ್ಪಟೆ ಬಿಳಿ ಕಲ್ಲು ಹುಡುಕಿ ತಂದ. ಎರಡೂ ಕೈಯಲ್ಲಿ ಹಿಡಿದು ಅಜ್ಜಾರ ಮುಂದೆ ನಿಂತು, ಇದೊಂದನ್ನು ನಿಮ್ಮ ಕೈಯಾರೆ ಇಡಬೇಕು ಎಂದು ಬೇಡಿಕೊಂಡ.

ಅಜ್ಜಾರು ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡರು.

"ನೀನ ಇಡು. ನಾ ಇಟ್ಟರ, ನಾಳೆ ಅದನ್ನ ಕೀಳಾಕ ನಿನ್ನ ಕೈ ಏಳಂಗಿಲ್ಲ."