ಕೂಗು ಮೊದಲು, ಏಟು ಆಮೇಲೆ

"ಗುರುಗಳೇ, ನಮ್ಮವರು ಹೆದರಬಾರದೆಂದು ಒಂದು ವಿಷಯವನ್ನು ಅವರಿಂದ ಮುಚ್ಚಿಟ್ಟರೆ ಅದು ಸುಳ್ಳು ಹೇಳಿದಂತೆ ಆಗುತ್ತದೆಯೇ?"

ಕೇಳಿದವನು ಫಾಲಾಕ್ಷ. ಹೈಸ್ಕೂಲು ಮೇಷ್ಟ್ರು, ಒಂಬತ್ತು ವರ್ಷಗಳಿಂದ ಗುರುಗಳ ಶಿಷ್ಯ. ಅವನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ವೈದ್ಯರು ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡಿದ್ದರು. ಮರುದಿನ ಫಲಿತಾಂಶ ಬರುವುದಿತ್ತು. ಹೆಂಡತಿಗೆ ಅವನು ಬರೀ ಕುರು ಎಂದು ಹೇಳಿದ್ದ. ಗುರುಗಳಿಗೆ ಅಷ್ಟನ್ನೂ ಹೇಳಿರಲಿಲ್ಲ. ಶಾಸ್ತ್ರದ ಸಂದೇಹವೊಂದನ್ನು ಕೇಳುವವನಂತೆ ಕೇಳಿ, ಶಾಲು ಎಳೆದುಕೊಂಡು ಕೂತ.

ಗುರುಗಳು ಅವನ ಕುತ್ತಿಗೆಗೆ ಅಂಟಿಸಿದ್ದ ಪಟ್ಟಿಯನ್ನು ನೋಡಿದರು. ಅದರ ಬಗ್ಗೆ ಏನೂ ಕೇಳಲಿಲ್ಲ. ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಹೆಂಡತಿ ಮತ್ತು ಒಬ್ಬಳೇ ಮಗಳು. ಹೆಂಡತಿಗೆ ಬೆರಳಿನಿಂದ ಶುರುವಾಗುವ ಒಂದು ಕಾಯಿಲೆ ಬಂತು. ಮೊದಲು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಆಮೇಲೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗಲಿಲ್ಲ. ಬೆರಳಿಗೆ ವ್ಯಾಯಾಮ ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ದರ್ಜಿ ಟೀವಿಗೆ ಜೋಡಿಸುವ ಗೇಮ್ ಕನ್ಸೋಲ್ ಒಂದನ್ನು ತಂದ. ಅದರ ಜೊತೆ ಬಂದದ್ದು ಒಂದೇ ಆಟ, ಕಾದಾಟದ್ದು. ಮಗಳು ಬಿಡದೆ ನೋಡುತ್ತಿದ್ದ ಜಪಾನಿನ ಅನಿಮೆ ಕಾರ್ಟೂನ್ ಧಾರಾವಾಹಿಯ ವೀರರೆಲ್ಲ ಅದರಲ್ಲಿದ್ದರು. ಇಬ್ಬರು ಎದುರುಬದುರು ನಿಂತು, ಒಬ್ಬರ ಶಕ್ತಿ ಪೂರ್ತಿ ಖಾಲಿಯಾಗುವವರೆಗೆ ಹೊಡೆದಾಡಬೇಕು.

ಗುರುಗಳ ಬಾಯಲ್ಲಿ ವಿಡಿಯೋ ಗೇಮಿನ ಮಾತು ಕೇಳಿ ಫಾಲಾಕ್ಷನಿಗೆ ನಗು ಬಂತು. ಹನ್ನೊಂದು ದಿನಗಳಿಂದ ಅವನು ನಕ್ಕಿರಲಿಲ್ಲ. ಗುರುಗಳು ನಗಲಿಲ್ಲ, ಮುಂದುವರಿಸಿದರು.

ಆ ವೀರರಿಗೆ ಒಂದು ಪದ್ಧತಿ. ದೊಡ್ಡ ಏಟು ಹೊಡೆಯುವಾಗ ಅದರ ಹೆಸರನ್ನು ಗಂಟಲು ಹರಿಯುವಂತೆ ಕೂಗಬೇಕು. ಕೂಗದೆ ಹೊಡೆಯುವುದು ವೀರರಿಗೆ ಮರ್ಯಾದೆಯಲ್ಲ. ಹಾಗಾಗಿ ಈ ಮನೆಯವರೂ ಆಡುವಾಗ ಕೂಗುತ್ತಿದ್ದರು. ಜಪಾನಿ ಹೆಸರುಗಳು ತಾಯಿಯ ನಾಲಿಗೆಗೆ ಹೊರಳಲಿಲ್ಲ. ಮಿಂಚು ಚಟಪಟ ಸಿಡಿಯುವ ಏಟನ್ನು ಅವಳು ಒಗ್ಗರಣೆ ಎಂದಳು. ಮೇಲಿನಿಂದ ಎರಗುವ ಏಟನ್ನು ಒನಕೆ ಎಂದಳು. ಲೋಕವನ್ನೇ ಕಾಪಾಡಬೇಕಾದ ವೀರ, ಪಾಪ, ದರ್ಜಿಯ ಮನೆಯಲ್ಲಿ ಒಗ್ಗರಣೆ ಹಾಕಿಕೊಂಡು ನಿಂತ. ಆ ಮನೆಯಲ್ಲಿ ಸಂಜೆ ಆದರೆ ಸಾಕು, ನಗೆಯೋ ನಗೆ.

ಕಾಯಿಲೆ ನಿಲ್ಲಲಿಲ್ಲ. ದರ್ಜಿ ಅದನ್ನು ಆಟದಲ್ಲೇ ಕಂಡ. ಹೆಂಡತಿಯ ಬಾಯಿ ಒಗ್ಗರಣೆ ಎನ್ನುತ್ತಿತ್ತು, ಬೆರಳು ತಡವಾಗಿ ಬಟನ್ ಒತ್ತುತ್ತಿತ್ತು. ಕೂಗಿಗೂ ಏಟಿಗೂ ನಡುವಿನ ಅಂತರ ವಾರದಿಂದ ವಾರಕ್ಕೆ ದೊಡ್ಡದಾಯಿತು. ಕೊನೆಗೆ ಕೂಗಷ್ಟೇ ಬಂತು, ಏಟು ಬರಲೇ ಇಲ್ಲ. ಆ ವರ್ಷವೇ ಅವಳು ತೀರಿಕೊಂಡಳು.

ವೈದ್ಯರು ದರ್ಜಿಯೊಬ್ಬನನ್ನೇ ಕರೆದು ಒಂದು ಮಾತು ಹೇಳಿದ್ದರು. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ. ಮಗಳಿಗೆ ಬರಬಹುದು, ಬರದೆಯೂ ಇರಬಹುದು. ಹದಿನೆಂಟು ತುಂಬಿದ ಮೇಲೆ ಅವಳು ಬಯಸಿದರೆ ಪರೀಕ್ಷೆ ಮಾಡಿ ತಿಳಿಯಬಹುದು. ಮಗಳಿಗೆ ಆಗ ಹದಿನೈದು. ತಾಯಿಯನ್ನು ಕಳೆದುಕೊಂಡ ಮಗುವಿಗೆ ಇದನ್ನು ಹೇಗೆ ಹೇಳುವುದು? ದರ್ಜಿ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ. ಹೇಳದೆ ಇರುವುದು ಸುಲಭ ಎಂದುಕೊಂಡಿದ್ದ. ಆಗಲಿಲ್ಲ. ಅಂದಿನಿಂದ ಅವನಿಗೆ ಮಗಳ ಕೈಯ ಮೇಲೇ ಕಣ್ಣು. ಅವಳ ಕೈಯಿಂದ ಲೋಟ ಜಾರಿದರೆ ಇವನ ಜೀವ ಹಾರುತ್ತಿತ್ತು.

ತಾಯಿ ಹೋದ ಮೇಲೆ ಮಗಳು ನಗುವುದನ್ನು ಬಿಟ್ಟಿದ್ದಳು. ಒಂದು ಸಂಜೆ ಆಟದಲ್ಲಿ ಅಪ್ಪನನ್ನು ಸೋಲಿಸಿದಾಗ ಸ್ವಲ್ಪ ನಕ್ಕಳು. ಆ ನಗುವಿಗಾಗಿ ದರ್ಜಿ ದಿನವೂ ಸೋಲತೊಡಗಿದ. ಏಟು ಬರುವುದು ಗೊತ್ತಿದ್ದರೂ ತಡೆಯುತ್ತಿರಲಿಲ್ಲ, ಬೇಕೆಂದೇ ಬಟನ್ ತಡವಾಗಿ ಒತ್ತುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು.

ಮೂರನೆಯ ವರ್ಷ ಒಂದು ಸಂಜೆ ಮಗಳು "ಒಗ್ಗರಣೆ!" ಎಂದು ಕೂಗಿದಳು. ಏಟು ಒಂದು ಕ್ಷಣ ತಡವಾಗಿ ಬಂತು.

ದರ್ಜಿ ತಿರುಗಿ ಅವಳ ಕೈ ನೋಡಿದ. ತಪ್ಪಿ ಆಗಿರಬಹುದು ಎಂದುಕೊಂಡ. ಮರುದಿನವೂ ಹಾಗೇ ಆಯಿತು. ಮುಂದಿನ ವಾರ ಅಂತರ ಇನ್ನಷ್ಟು ದೊಡ್ಡದಾಯಿತು. ಈ ಅಂತರ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅವನು ಪರದೆ ನೋಡುವುದನ್ನೇ ಬಿಟ್ಟು ಮಗಳ ಹೆಬ್ಬೆರಳನ್ನು ನೋಡತೊಡಗಿದ. ಪರದೆ ನೋಡದವನು ಏಟು ತಡೆಯುವುದೆಲ್ಲಿಂದ? ಈಗ ಬೇಕೆಂದು ಸೋಲುವ ಕಷ್ಟವೂ ಉಳಿಯಲಿಲ್ಲ, ನಿಜವಾಗಿಯೇ ಸೋಲುತ್ತಿದ್ದ. ಅವನು ಸೋತಷ್ಟೂ ಅಂತರ ಬೆಳೆಯಿತು. ಅಂತರ ಬೆಳೆದಷ್ಟೂ ಅವನು ಸೋತ. ನಿದ್ದೆ ಹೋಯಿತು, ಊಟ ಸೇರಲಿಲ್ಲ. ಮಗಳೂ ಒಂದು ಥರಾ ಮಂಕಾಗಿದ್ದಳು. ಅವಳಿಗೂ ಗೊತ್ತಾಗುತ್ತಿದೆಯೇನೋ ಎಂದು ಹೆದರಿ ಅವನು ಅವಳ ಮುಖ ನೋಡುವುದನ್ನೇ ತಪ್ಪಿಸಿದ.

ಒಂದು ದಿನ ಅಂಗಡಿಯಲ್ಲಿ ಅವನು ಅಂಗಿಯೊಂದಕ್ಕೆ ಎಡಗೈ ತೋಳನ್ನು ಬಲಕ್ಕೂ ಬಲಗೈ ತೋಳನ್ನು ಎಡಕ್ಕೂ ಹೊಲಿದುಬಿಟ್ಟ. ಮೂವತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಅಂಗಡಿ ಮುಚ್ಚಿ, ಮಟಮಟ ಮಧ್ಯಾಹ್ನವೇ ಮನೆಗೆ ಬಂದ. ಒಳಗಿನಿಂದ ಟೀವಿಯ ಸದ್ದು ಕೇಳಿತು. ಮಗಳು ಒಬ್ಬಳೇ ಕೂತು ಯಂತ್ರದ ವಿರುದ್ಧ ಆಡುತ್ತಿದ್ದಳು. ದರ್ಜಿ ಬಾಗಿಲಲ್ಲೇ ನಿಂತ. ಅವಳು "ಒಗ್ಗರಣೆ!" ಎಂದಳು. ಕೂಗೂ ಏಟೂ ಒಟ್ಟಿಗೇ ಬಿದ್ದವು. "ಒನಕೆ!" ಎಂದಳು. ಮತ್ತೆ ಒಟ್ಟಿಗೇ ಬಿದ್ದವು. ಅವಳ ಬೆರಳು ಹೊಲಿಗೆ ಯಂತ್ರದ ಸೂಜಿಯ ಹಾಗೆ ಓಡುತ್ತಿತ್ತು.

ದರ್ಜಿ ಒಳಗೆ ನುಗ್ಗಿದ. "ಏನೇ ಇದು? ನನ್ನ ಜೊತೆ ಆಡುವಾಗ ಕೂಗು ಮೊದಲು ಬರುತ್ತೆ, ಏಟು ಆಮೇಲೆ ಬರುತ್ತೆ. ಈಗ ಎರಡೂ ಒಟ್ಟಿಗೆ ಬಂತಲ್ಲ!"

ಮಗಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. "ನೀನು ಒಂದು ಏಟೂ ತಡೀತಿರ್ಲಿಲ್ಲ ಅಪ್ಪಾ. ಹೊಲಿಯೋ ಕೈ, ಅಮ್ಮನ ಥರ ಆಗೋಯ್ತೇನೋ ಅಂತ ಭಯ ಆಯ್ತು. ಮುಂಚೆನೇ ಕೂಗಿದ್ರೆ ನಿಂಗೆ ತಡೆಯೋಕೆ ಟೈಮ್ ಸಿಗುತ್ತೆ ಅಂತ ಕೂಗ್ತಿದ್ದೆ. ಕೇಳಿದ್ರೆ ನೀನು ನೊಂದ್ಕೋತೀಯ ಅಂತ ಕೇಳ್ಲಿಲ್ಲ."

ದರ್ಜಿಗೆ ನಗು ಬಂತು. ನಗುತ್ತಾ ಅಳುವೂ ಬಂತು. ಬದುಕಿದೆಯಾ ಬಡಜೀವವೇ ಎಂದು ಗೋಡೆಗೆ ಒರಗಿ ಕೂತ. ಬೆರಳು ಚೆನ್ನಾಗಿಯೇ ಇದೆಯಲ್ಲ, ಇನ್ನು ಹೇಳುವುದೇನಿದೆ ಎಂದೂ ಅಂದುಕೊಂಡ.

ಆದರೆ ಮಗಳು ಅವನನ್ನೇ ನೋಡುತ್ತಿದ್ದಳು. "ನಾನು ಮುಂಚೆ ಕೂಗಿದ್ದಕ್ಕೂ ನೀನು ಅಳೋದಕ್ಕೂ ಏನಪ್ಪಾ ಸಂಬಂಧ?"

ದರ್ಜಿಯ ಬಳಿ ಇನ್ನೊಂದು ಸುಳ್ಳು ಇರಲಿಲ್ಲ. ವೈದ್ಯರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಇಂದು ಬೆರಳು ಓಡುತ್ತಿದೆ ಎಂದರೆ ನಾಳೆಯೂ ಓಡುತ್ತದೆ ಎಂದೇನಲ್ಲ ಎಂಬುದನ್ನೂ ಹೇಳಿದ. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಬಂತು. "ಮೂರು ವರ್ಷ ನನ್ನ ಬೆರಳು ಕಾಯ್ತಾ ಕೂತಿದ್ಯಾ? ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಆ ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ದರ್ಜಿ ಬಾಗಿಲ ಹೊರಗೆ ಕೂತೇ ಇದ್ದ.

ಬೆಳಗ್ಗೆ ಬಾಗಿಲು ತೆರೆಯಿತು. ಮಗಳು ತಲೆ ಬಾಚಿ, ಚಪ್ಪಲಿ ಮೆಟ್ಟಿ ಬಂದು ನಿಂತಳು. "ನಂಗೆ ಹದಿನೆಂಟಾಗಿ ಎರಡು ತಿಂಗಳಾಯ್ತು. ಏಳು, ಡಾಕ್ಟರ ಹತ್ರ ಹೋಗೋಣ," ಎಂದಳು. ಇಬ್ಬರೂ ಹೋದರು. ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಮೂರು ವಾರದ ನಂತರ ಫಲಿತಾಂಶ ಕೇಳಲು ಮತ್ತೆ ಹೋದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಫಾಲಾಕ್ಷ ಕಾದ. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. ಅವನಿಗೆ ತಡೆಯಲು ಆಗಲಿಲ್ಲ.

"ಫಲಿತಾಂಶ ಏನು ಬಂತು ಗುರುಗಳೇ? ಆ ಹುಡುಗಿಗೆ ಕಾಯಿಲೆ ಇತ್ತೇ, ಇರಲಿಲ್ಲವೇ?"

"ಅದನ್ನು ಕೇಳಿದಾಗ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು ಫಾಲಾಕ್ಷ, ನಿನ್ನ ಫಲಿತಾಂಶ ಕೇಳುವಾಗ ಪಕ್ಕದಲ್ಲಿ ಕೂರುವವರು ಯಾರು?"